ಅಳಿಸಿದ ಹತ್ತು ಸೆಕೆಂಡು

ಕೆರೆಕಟ್ಟೆ
12 ಆಗಸ್ಟ್ 2024

ಗಣಪಯ್ಯನವರಿಗೆ ನಮಸ್ಕಾರ.

ನೀವು ನನ್ನನ್ನು ನೋಡಿದವರಲ್ಲ. ನಾನು ಚೇತನಾ, ಕೆರೆಕಟ್ಟೆಯ ಅಂಗನವಾಡಿ ಟೀಚರ್. ಕೊಪ್ಪದಲ್ಲಿ ಈಗಲೂ ಟೇಪ್‌ರೆಕಾರ್ಡರ್ ಬಿಚ್ಚಿ ಜೋಡಿಸುವವರು ಒಬ್ಬರಿದ್ದಾರೆ ಅಂತ ನಮ್ಮ ಬಸ್ಸಿನ ಕಂಡಕ್ಟರ್ ಮೋಹಿತ್ ಹೇಳಿದ. ಶೃಂಗೇರಿಯಲ್ಲಿ ಮೂರು ಅಂಗಡಿಗೆ ಇದನ್ನು ಹೊತ್ತುಕೊಂಡು ತಿರುಗಿದ್ದೆ. ಒಬ್ಬನಂತೂ "ಇದೆಂತ ಅಕ್ಕ, ಗುಜರಿಗೆ ಹಾಕಿ ಅತ್ಲಾಗೆ" ಅಂತ ನಕ್ಕ. ನನಗೆ ಎಷ್ಟು ಸಿಟ್ಟು ಬಂತು ಅಂದರೆ ಅವನ ಅಂಗಡಿಯಲ್ಲಿ ಕೊಳ್ಳಬೇಕು ಅಂತಿದ್ದ ಚಾರ್ಜರನ್ನೂ ಕೊಳ್ಳದೆ ಬಂದೆ.

ನಮ್ಮಲ್ಲಿ ಫೋನಿಗೆ ಸಿಗ್ನಲ್ ಬೇಕಾದರೆ ಶಾಲೆಯ ಗುಡ್ಡ ಹತ್ತಬೇಕು. ಅದಕ್ಕೆ ಕಾಗದ ಬರೆದು ಮೋಹಿತ್ ಕೈಯಲ್ಲಿ ಮೆಷಿನ್ ಜೊತೆ ಕಳುಹಿಸುತ್ತಿದ್ದೇನೆ. ಹಾರಿಹೋಗದಿರಲಿ ಅಂತ ಚೀಲದ ತಳದಲ್ಲಿ ಹಾಕಿದ್ದೇನೆ.

ಮೆಷಿನ್ ಹಿರೇಕೊಡಿಗೆಯ ಶೇಷಮ್ಮನವರ ಮನೆಯದ್ದು. ಅಪ್ಪ ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಒಂದು ಸ್ಪೀಕರ್ ಸತ್ತಿತು ಅಂತ ಅವರು ಹೊಸದು ತಂದರು, ಇದನ್ನು ಅಪ್ಪನಿಗೆ ಕೊಟ್ಟರು. ಒಳಗೆ ಒಂದು ಕ್ಯಾಸೆಟ್ ಇದೆ. ಅದರಲ್ಲಿ ಇರುವುದು ನಮ್ಮಮ್ಮನ ಸೋಬಾನೆ ಹಾಡು, ಅಪ್ಪ ಕೂತು ತುಂಬಿಸಿದ್ದು. ಅಮ್ಮನ ಹೆಸರು ಚಿಕ್ಕಕ್ಕ. ಅಮ್ಮ ಹೋದ ವರ್ಷ ತೀರಿಕೊಂಡರು. ಅಪ್ಪ ಮರದಿಂದ ಬಿದ್ದು ತೀರಿಹೋದಾಗ ನನಗೆ ಒಂದೂವರೆ ವರ್ಷ. ಅವರ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಹಾಡಿನ ನಡುವೆ ಎಲ್ಲೋ ಒಂದು ಕಡೆ ಅಪ್ಪ ಎರಡು ಮಾತು ಆಡಿದ್ದಾರೆ ಅಂತ ಅಮ್ಮ ಹೇಳುತ್ತಿದ್ದರು. ನಾನು ಮೂರನೇ ಕ್ಲಾಸಿನಲ್ಲಿರುವಾಗ ಮೆಷಿನ್ ನಿಂತಿತು. ಅಷ್ಟು ಸಣ್ಣವಳಿಗೆ ಅದೆಲ್ಲ ಎಲ್ಲಿ ತಲೆಗೆ ಹೋಗಬೇಕು? ಆಟದ ಧ್ಯಾನದಲ್ಲಿ ಕೇಳಿಯೂ ಕೇಳದ ಹಾಗೆ ಇದ್ದೆ. ಅಣ್ಣ ಪ್ರಕಾಶ ನನಗಿಂತ ಆರೇಳು ವರ್ಷ ದೊಡ್ಡವನು, ಆದರೆ ಅಪ್ಪನ ಸುದ್ದಿ ಎತ್ತಿದರೆ ಎದ್ದು ಹೊರಗೆ ಹೋಗುತ್ತಾನೆ.

ಹೇಗಾದರೂ ಮಾಡಿ ಇದು ತಿರುಗುವ ಹಾಗೆ ಮಾಡಿಕೊಡಿ. ಕ್ಯಾಸೆಟ್ಟನ್ನು ಮಾತ್ರ ಜೋಪಾನ.

ಇಂತಿ,
ಚೇತನಾ


ಕೊಪ್ಪ
20 ಆಗಸ್ಟ್ 2024
(ಈ ಕಾಗದ ಅವತ್ತು ಹೋಗಲಿಲ್ಲ)

ಚೇತನಾ ಅವರಿಗೆ,

ನಿಮ್ಮ ಕಾಗದ ಈಗ ಓದಿದೆ. ಓದಬೇಕಾಗಿದ್ದದ್ದು ಬೆಳಿಗ್ಗೆ, ಮೋಹಿತ್ ಚೀಲ ಕೊಟ್ಟಾಗಲೇ. ಮೆಷಿನ್ ಕಂಡ ಖುಷಿಗೆ ಚೀಲವನ್ನು ಮೂಲೆಗೆ ಎಸೆದು ಸ್ಕ್ರೂ ಬಿಚ್ಚಲು ಕೂತೆ. ಹನ್ನೊಂದು ವರ್ಷವಾಗಿತ್ತು ಒಂದು ಟೇಪ್‌ರೆಕಾರ್ಡರ್ ನನ್ನ ಮೇಜಿಗೆ ಬರದೆ. ಬೆಲ್ಟ್ ಅಂಟಾಗಿ ಕರಗಿತ್ತು, ಮೋಟಾರ್ ಹಿಡಿದುಕೊಂಡಿತ್ತು. ನನ್ನ ಅಂಗಡಿ ತುಂಬ ಸತ್ತ ಸೆಟ್ಟುಗಳೇ. ಒಂದರಿಂದ ಬೆಲ್ಟು ಮೋಟಾರ್, ಇನ್ನೊಂದರಿಂದ ಟೇಪ್ ಓದುವ ಹೆಡ್, ಮತ್ತೊಂದರಿಂದ ರಬ್ಬರ್ ರೋಲರ್ ತೆಗೆದು ಹಾಕಿದೆ. ಪ್ಲೇ ಒತ್ತಿದೆ, ನಿಮ್ಮ ತಾಯಿ ಹಾಡಿದರು. ಎಂಥ ಕಂಠ ಮಾರಾಯ್ರೇ! ಕೈ ಒರೆಸಿಕೊಳ್ಳುವುದನ್ನೂ ಮರೆತು ಕೇಳಿದೆ.

ಹೆಡ್ ಬದಲಿಸಿದ ಮೇಲೆ ರೆಕಾರ್ಡಿಂಗ್ ಪರೀಕ್ಷೆ ಮಾಡಬೇಕು. ಅದಕ್ಕೆ ನನ್ನದೇ ಒಂದು ಟೆಸ್ಟ್ ಕ್ಯಾಸೆಟ್ ಇತ್ತು, ಮೂವತ್ತು ವರ್ಷ ಅದರಲ್ಲೇ ಮಾಡಿದ್ದು. ಹೋದ ವಾರ ಪಟ್ಟಣ ಪಂಚಾಯ್ತಿಯ ಗಾಡಿ ಹಳೆಯ ಎಲೆಕ್ಟ್ರಾನಿಕ್ ಸಾಮಾನು ಒಯ್ಯಲು ಬಂದಾಗ, ಇನ್ನು ಯಾರು ಟೇಪ್ ತರುತ್ತಾರೆ ಅಂತ ಆ ಡಬ್ಬವನ್ನೂ ಕೊಟ್ಟುಬಿಟ್ಟಿದ್ದೆ. ಹಾಡು ಮುಗಿಯಿತು. ಒಂದು ಗಂಡು ದನಿ ಏನೋ ಹೇಳಲು ಶುರು ಮಾಡಿತು. ಹಾಡು ಮುಗಿದ ಮೇಲೆ ಯಾರೋ ಹರಟೆ ಹೊಡೆಯುತ್ತಿದ್ದಾರೆ, ಖಾಲಿ ಜಾಗ ತಾನೆ ಅಂದುಕೊಂಡು ಟೇಪನ್ನು ಒಂಚೂರು ಹಿಂದಕ್ಕೆ ಸರಿಸಿ ಕೆಂಪು ಗುಂಡಿ ಒತ್ತಿದೆ. "ಹಲೋ, ಹಲೋ, ಒಂದು, ಎರಡು, ಮೂರು. ಬಂತಾ? ಹಾಂ, ಬಂತು." ಇಷ್ಟು ಹೇಳಿ ನಿಲ್ಲಿಸಿದೆ. ಮುಂದಿನ ಹಾಡಿಗೆ ಏನೂ ಆಗಿಲ್ಲ.

ಆಮೇಲೆ ಚೀಲ ಮಡಚುವಾಗ ನಿಮ್ಮ ಕಾಗದ ಸಿಕ್ಕಿತು. ಕ್ಯಾಸೆಟ್ಟಿನ ಎರಡೂ ಬದಿ ಮೂರು ಸಲ ಕೇಳಿದೆ. ಗಂಡು ದನಿ ಅಂತ ಅದರಲ್ಲಿ ಇರುವುದು ಈಗ ನನ್ನದೊಂದೇ.

ಕ್ಯಾಸೆಟ್ಟಿನ ಬೆನ್ನಿಗೆ ಒಂದು ಸಣ್ಣ ಪ್ಲಾಸ್ಟಿಕ್ ಕಿವಿ ಇರುತ್ತದೆ, ಅದನ್ನು ಮುರಿದರೆ ಮೇಲೆ ಮತ್ತೇನೂ ತುಂಬಿಸಲು ಆಗುವುದಿಲ್ಲ. ಗಿರಾಕಿಗಳ ಮದುವೆ ಕ್ಯಾಸೆಟ್ಟು, ಭಜನೆ ಕ್ಯಾಸೆಟ್ಟು ಬಂದರೆ ಮೊದಲು ನಾನೇ ಅದನ್ನು ಮುರಿದು ಆಮೇಲೆ ಕೆಲಸಕ್ಕೆ ಕೂರುತ್ತಿದ್ದೆ. ಊರಿಗೆಲ್ಲ ಬುದ್ಧಿ ಹೇಳಿದವನು. ನಿಮ್ಮದನ್ನು ಮುರಿದದ್ದು ಎಲ್ಲ ಆದ ಮೇಲೆ. ಅಳಿಸಿದ್ದು ಅಳಿಸಿದ್ದೇ, ಅದನ್ನು ಮತ್ತೆ ತರುವ ವಿದ್ಯೆ ನನ್ನ ಹತ್ತಿರ ಇಲ್ಲ.

ನಿಮಗೆ ಮುಖ ತೋರಿಸುವ ಯೋಗ್ಯತೆ ನನಗಿಲ್ಲ.

ಗಣಪಯ್ಯ


ಕೊಪ್ಪ
24 ಆಗಸ್ಟ್ 2024

ಚೇತನಾ ಅವರಿಗೆ ನಮಸ್ಕಾರ.

ಮೆಷಿನ್ ಸರಿಯಾಗಿದೆ. ಮೋಹಿತ್ ಕೈಯಲ್ಲಿ ಕಳುಹಿಸಿದ್ದೇನೆ. ಬೆಲ್ಟ್, ಮೋಟಾರ್, ಹೆಡ್ ಬದಲಿಸಿದ್ದೇನೆ. ಎಲ್ಲ ಹಳೆಯ ಸೆಟ್ಟುಗಳಿಂದ ತೆಗೆದದ್ದು, ಹಾಗಾಗಿ ದುಡ್ಡಿನ ಮಾತು ಬೇಡ. ಎಡಗಡೆಯ ಸ್ಪೀಕರನ್ನೂ ಹಾಕಿದ್ದೇನೆ. ಬಿಸಿಲಿಗೆ ಇಡಬೇಡಿ.

ಇಂತಿ,
ಗಣಪಯ್ಯ


ಕೆರೆಕಟ್ಟೆ
2 ಸೆಪ್ಟೆಂಬರ್ 2024

ಗಣಪಯ್ಯಣ್ಣನಿಗೆ ಸಾವಿರ ನಮಸ್ಕಾರ.

ಅಣ್ಣ ಅಂತ ಕರೆದೆ ಅಂತ ಬೇಜಾರಿಲ್ಲ ತಾನೆ? ಹೀಗಲ್ಲದೆ ಬೇರೆ ಹೇಗೆ ಕರೆಯಲಿ ಹೇಳಿ.

ಸಿಕ್ಕಿತು! ಅಪ್ಪನ ದನಿ ಸಿಕ್ಕಿತು! ಮೊದಲನೇ ಬದಿ, ಅಮ್ಮ ಮದುಮಕ್ಕಳನ್ನು ಹಸೆಗೆ ಕರೆಯುವ ಹಾಡು ಮುಗಿಸಿದ ತಕ್ಷಣ. "ಹಲೋ, ಹಲೋ, ಒಂದು, ಎರಡು, ಮೂರು. ಬಂತಾ? ಹಾಂ, ಬಂತು." ನಾನು ಅಲ್ಲೇ ನೆಲಕ್ಕೆ ಕೂತುಬಿಟ್ಟೆ. ನಮ್ಮ ಮನೆಯವರು ಫಾರೆಸ್ಟಿನ ವಾಚರ್ ಡ್ಯೂಟಿ ಮುಗಿಸಿ ಬಂದವರು, ಏನಾಯಿತೋ ಅಂತ ಗಾಬರಿಯಾಗಿ ಚಪ್ಪಲಿಯಲ್ಲೇ ಒಳಗೆ ಓಡಿಬಂದರು. ಮೂವತ್ತು ವರ್ಷದ ಮೇಲೆ ಅಪ್ಪ ಮಾತಾಡಿದರು ನೋಡಿ. ಎಷ್ಟು ಗಟ್ಟಿ ದನಿ, ಎಷ್ಟು ಭರವಸೆಯ ದನಿ! ಮೆಷಿನ್ ಹೊಸದಾಗಿ ಸಿಕ್ಕಿತ್ತಲ್ಲ, ಹಾಡು ಹಿಡಿಯುತ್ತದೋ ಇಲ್ಲವೋ ಅಂತ ನೋಡಿರಬೇಕು. "ಹಾಂ, ಬಂತು" ಅನ್ನುವಾಗ ಅವರು ನಕ್ಕಿದ್ದಾರೆ ಅಂತ ನನಗೆ ಅನ್ನಿಸುತ್ತದೆ.

ದೊಡ್ಡಮ್ಮನನ್ನು ಕರೆಸಿದೆ. ಎಂಬತ್ತು ದಾಟಿದೆ, ಕಿವಿ ಮಂದ. ಮೆಷಿನ್ನಿಗೆ ಕಿವಿ ತಾಗಿಸಿ ಕೇಳಿ, "ಹೌದು ಕಣೇ, ನಮ್ಮ ರಂಗಪ್ಪಂದೇ! ಎಂತ ಸಂಶಯ" ಅಂತ ಗೊಳೋ ಅಂತ ಅತ್ತರು.

ನೀವು ರಿಪೇರಿ ಮಾಡುವಾಗ ಕೇಳಿರಬೇಕಲ್ಲ? ನಿಮಗೂ ಕೇಳಿಸಿತ್ತಾ? ನಿಮ್ಮ ಫೋನ್ ನಂಬರ್ ಬರೆದು ಕಳುಹಿಸಿ. ಗುಡ್ಡ ಹತ್ತಿಯಾದರೂ ಸರಿ, ಒಂದು ಸಲ ಮಾತಾಡಿ ಥ್ಯಾಂಕ್ಸ್ ಹೇಳಬೇಕು. ಹಲಸಿನೆಲೆಯಲ್ಲಿ ಬೇಯಿಸಿದ ಕೊಟ್ಟೆ ಕಡುಬು ಹತ್ತು ಕಳುಹಿಸಿದ್ದೇನೆ. ಮೋಹಿತ್ ದಾರಿಯಲ್ಲಿ ಎಷ್ಟು ತಿಂದ ಅಂತ ಎಣಿಸಿ ಹೇಳಿ.

ಇಂತಿ ನಿಮ್ಮ ತಂಗಿ,
ಚೇತನಾ


ಕೊಪ್ಪ
15 ಸೆಪ್ಟೆಂಬರ್ 2024

ತಂಗಿ ಚೇತನಾಗೆ,

ಕಡುಬು ಎಂಟು ಬಂತು. ರುಚಿಯಾಗಿತ್ತು ಅಂತ ಬರೆದರೆ ಸುಳ್ಳಾಗುತ್ತದೆ, ಯಾಕೆಂದರೆ ತಿನ್ನಲಿಲ್ಲ. ಹೊಟ್ಟೆ ಸರಿ ಇರಲಿಲ್ಲ. ಪಕ್ಕದ ಸೈಕಲ್ ಶಾಪಿನವರಿಗೆ ಕೊಟ್ಟೆ, ಅವರು ಹೊಗಳಿದರು.

ರಿಪೇರಿ ಮಾಡುವಾಗ ಕ್ಯಾಸೆಟ್ಟನ್ನು ನಾನು ಪೂರ್ತಿ ಕೇಳಿರಲಿಲ್ಲ. ಹಾಡು ಬಂತು, ಅಷ್ಟು ಸಾಕು ಅಂತ ಮುಚ್ಚಿದೆ. ನಿನಗೆ ಬೇಕಾದದ್ದು ಸಿಕ್ಕಿದ್ದರೆ ಒಳ್ಳೆಯದು.

ನನ್ನ ಫೋನಿನ ಮೈಕ್ ಕೆಟ್ಟಿದೆ. ಮಾತಾಡಿದರೆ ಆ ಕಡೆಯವರಿಗೆ ಕೇಳಿಸುವುದಿಲ್ಲ. ನಂಬರ್ ಕೊಟ್ಟು ಪ್ರಯೋಜನವಿಲ್ಲ.

ಅಣ್ಣ ಅನ್ನುವುದು ಬೇಡ. ನಾನು ಅಷ್ಟಕ್ಕೆ ಲಾಯಕ್ಕಿನವನಲ್ಲ.

ಇಂತಿ,
ಗಣಪಯ್ಯ


ಕೆರೆಕಟ್ಟೆ
6 ನವೆಂಬರ್ 2024

ಗಣಪಯ್ಯಣ್ಣನಿಗೆ,

ಬೇಡ ಅಂದರೂ ಅಣ್ಣನೇ. ರಿಪೇರಿಯವರ ಫೋನೇ ರಿಪೇರಿ ಅಂದರೆ ಯಾರು ನಂಬುತ್ತಾರೆ? ನಮ್ಮ ಮನೆಯವರು ಓದಿ ನಕ್ಕಿದ್ದೇ ನಕ್ಕಿದ್ದು. ನಡುವೆ ನಾನು ಬರೆದ ಎರಡು ಕಾಗದಕ್ಕೆ ನಿಮ್ಮಿಂದ ಉತ್ತರವಿಲ್ಲ. ಹುಷಾರಿದ್ದೀರಿ ತಾನೆ?

ದೀಪಾವಳಿಗೆ ಹಿರಿಯರಿಗೆ ಎಡೆ ಇಟ್ಟೆವು. ಅಮ್ಮನ ಫೋಟೋ ಇದೆ. ಪ್ರತಿ ವರ್ಷ ಅಪ್ಪನ ಜಾಗದಲ್ಲಿ ಬರೀ ಒಂದು ತೆಂಗಿನಕಾಯಿ ಇಟ್ಟು ಕೈ ಮುಗಿಯುತ್ತಿದ್ದೆವು. ಈ ಸಲ ಅಲ್ಲಿ ಟೇಪ್‌ರೆಕಾರ್ಡರ್ ಇಟ್ಟೆ. ಕುಂಕುಮ ಹಚ್ಚಿ, ಹೂ ಇಟ್ಟು, ಸರಿಯಾಗಿ ಆ ಜಾಗಕ್ಕೆ ತಂದು ಪ್ಲೇ ಒತ್ತಿದೆ. ಕೇರಿಯವರೆಲ್ಲ ಬಂದಿದ್ದರು. ಎಲ್ಲರೂ ಕೈ ಮುಗಿದುಕೊಂಡು ನಿಂತು ಅಪ್ಪ ಒಂದು, ಎರಡು, ಮೂರು ಅನ್ನುವುದನ್ನು ಕೇಳಿದರು. ಪ್ರಕಾಶಣ್ಣ ಮಾತ್ರ ಎದ್ದು ಅಂಗಳಕ್ಕೆ ಹೋದ. ಅವನ ಬುದ್ಧಿಯೇ ಹಾಗೆ. ಅಪ್ಪನ ಮೇಲೆ ಪ್ರೀತಿಯೇ ಇಲ್ಲವೇನೋ ಅಂತ ಅವತ್ತು ಅವನಿಗೆ ಬೈದೂಬಿಟ್ಟೆ.

ಒಂದು ತಮಾಷೆ ಹೇಳಬೇಕು. ನನ್ನ ಮಗಳು ದಿವ್ಯಾಗೆ ನಾಲ್ಕು ವರ್ಷ. ನಾನು ಎಷ್ಟು ಹೇಳಿಕೊಟ್ಟರೂ ಎಣಿಸಲು ಕಲಿತಿರಲಿಲ್ಲ, ಟೀಚರ್ ಮಗಳ ಹಣೆಬರಹ ನೋಡಿ. ಈಗ ಕಲ್ಲು, ಕಡ್ಡಿ ಏನು ಸಿಕ್ಕಿದರೂ "ಹಲೋ ಹಲೋ, ಒಂದು, ಎರಡು, ಮೂರು" ಅಂತ ದನಿ ದಪ್ಪ ಮಾಡಿಕೊಂಡು ಎಣಿಸುತ್ತಾಳೆ. ಯಾರು ಕಲಿಸಿದ್ದು ಅಂದರೆ "ಅಜ್ಜ" ಅನ್ನುತ್ತಾಳೆ.

ನೀವು ಬರುವುದಿಲ್ಲ, ಫೋನೂ ಇಲ್ಲ. ಅದಕ್ಕೆ ನಾವೇ ಬರುತ್ತೇವೆ. 24ನೇ ತಾರೀಖು ಭಾನುವಾರ ಬೆಳಗಿನ ಬಸ್ಸಿಗೆ ಕೊಪ್ಪಕ್ಕೆ ಬಂದು ನಿಮ್ಮ ಅಂಗಡಿಗೆ ಬರುತ್ತೇವೆ. ದಿವ್ಯಾ ನಿಮಗೆ ಎಣಿಸಿ ತೋರಿಸುತ್ತಾಳಂತೆ.

ಇಂತಿ ನಿಮ್ಮ ತಂಗಿ,
ಚೇತನಾ


ಕೊಪ್ಪ
18 ನವೆಂಬರ್ 2024

ಚೇತನಾ,

ಭಾನುವಾರ ಬರಬೇಡ. ಈ ಕಾಗದ ಪೂರ್ತಿ ಓದು. ಆಮೇಲೂ ಬರಬೇಕು ಅನ್ನಿಸಿದರೆ ಬಾ. ಬಾಗಿಲು ತೆಗೆದೇ ಇಟ್ಟಿರುತ್ತೇನೆ.

ಇದರ ಜೊತೆ ಇನ್ನೊಂದು ಕಾಗದ ಇಟ್ಟಿದ್ದೇನೆ. ಅದರ ತಾರೀಖು ನೋಡು, 20 ಆಗಸ್ಟ್. ನಿನಗೆ ಅಂತ ಬರೆದು, ಕಳುಹಿಸಲು ಧೈರ್ಯ ಸಾಲದೆ ಒಂದು ಸತ್ತ ಟಿವಿಯ ಒಳಗೆ ಬಚ್ಚಿಟ್ಟಿದ್ದೆ. ಮೊದಲು ಅದನ್ನು ಓದು.

ಓದಿದೆಯಾ? ಹಾಗಾದರೆ ಗೊತ್ತಾಯಿತು. ನೀವೆಲ್ಲ ಕೈ ಮುಗಿದು ಕೇಳಿದ್ದು ನನ್ನ ದನಿಯನ್ನು. ಬದುಕಿರುವವನ ದನಿಗೆ, ಅದೂ ನಿಮ್ಮಪ್ಪನ ದನಿ ಅಳಿಸಿದವನ ದನಿಗೆ, ನೀನು ಎಡೆ ಇಟ್ಟೆ.

ನಿನ್ನ ಸೆಪ್ಟೆಂಬರಿನ ಕಾಗದ ಬಂದಾಗಲೇ ಹೇಳಬೇಕಿತ್ತು. "ಸಿಕ್ಕಿತು" ಅಂತ ಬರೆದಿದ್ದೆಯಲ್ಲ, ಅದನ್ನು ಓದಿ ನನಗೆ ಏನನ್ನಿಸಿತು ಗೊತ್ತಾ? ಅಬ್ಬ, ಬಚಾವಾದೆ ಅನ್ನಿಸಿತು. ಒಂದು ಗಳಿಗೆ ಹಾಗನ್ನಿಸಿದ್ದು ನಿಜ. ನನಗೆ ಬೇರೆ ಎಲ್ಲದಕ್ಕಿಂತ ಹೆಚ್ಚು ನಾಚಿಕೆ ಆಗುವುದು ಆ ಗಳಿಗೆಯ ಬಗ್ಗೆ. ಗುಂಡಿ ಒತ್ತಿದ್ದು ಕೈತಪ್ಪು ಅನ್ನಬಹುದು. ಕ್ಯಾಸೆಟ್ ಕೇಳಿಲ್ಲ ಅಂತ ಬರೆದದ್ದು ಕೈತಪ್ಪಲ್ಲ. ಫೋನಿನ ಮೈಕಿಗೆ ಏನೂ ಆಗಿಲ್ಲ. ನಾನು ಹಲೋ ಅಂದರೆ ನಿನಗೆ ಗೊತ್ತಾಗಿಬಿಡುತ್ತದಲ್ಲ, ಆ ಹೆದರಿಕೆ. ಮೂರು ತಿಂಗಳಿಂದ ಮೋಹಿತ್ ಬಸ್ಸಿನ ಹಾರ್ನ್ ಕೇಳಿದರೆ ಒಳಗೆ ಹೋಗಿ ಕೂರುತ್ತಿದ್ದೇನೆ. ಅಂಗಡಿಗೆ ಬಂದವರ ಹತ್ತಿರ ಮಾತಾಡುವಾಗ ನನ್ನ ದನಿ ನನಗೇ ಕೇಳಿಸಿ ಬಾಯಿ ಮುಚ್ಚಿಕೊಳ್ಳುತ್ತೇನೆ.

ಸುಮ್ಮನೆ ಕೂತಿರಲಿಲ್ಲ, ಇಷ್ಟು ಮಾತ್ರ ನಂಬು. ನಿಮ್ಮಪ್ಪ ಶೇಷಮ್ಮನವರ ಮನೆಯಲ್ಲೂ ಏನಾದರೂ ತುಂಬಿಸಿರಬಹುದು, ಅಲ್ಲಿ ಎಲ್ಲಾದರೂ ಎರಡು ಮಾತು ಉಳಿದಿರಬಹುದು ಅಂತ ಹಿರೇಕೊಡಿಗೆಗೆ ಹೋದೆ. ಶೇಷಮ್ಮನವರು ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. "ಒಂದು ಪೆಟ್ಟಿಗೆ ಕ್ಯಾಸೆಟ್ ಇತ್ತಪ್ಪ, ಹೋದ ಯುಗಾದಿಗೆ ಮನೆ ಕ್ಲೀನ್ ಮಾಡುವಾಗ ಗುಜರಿಯವನಿಗೆ ಕೊಟ್ಟೆವು" ಅಂದರು. ಅವನು ನರಸಿಂಹರಾಜಪುರದವನು. ಅಲ್ಲಿಗೂ ಹೋದೆ. ಅವನು ಪ್ಲಾಸ್ಟಿಕ್ ಬೇರೆ, ಟೇಪ್ ಬೇರೆ ಮಾಡಿ ಟೇಪನ್ನು ಮುತ್ತಿನಕೊಪ್ಪದ ಗದ್ದೆಯವರಿಗೆ ಕೊಟ್ಟಿದ್ದನಂತೆ. ಗದ್ದೆಗೆ ಅಡ್ಡ ಎಳೆದು ಕಟ್ಟಿದರೆ ಗಾಳಿಗೆ ಗುಂಯ್ ಅನ್ನುತ್ತದೆ, ಗುಬ್ಬಿ, ಗಿಳಿ ಕೂರುವುದಿಲ್ಲ. ಮುತ್ತಿನಕೊಪ್ಪದಲ್ಲಿ ಬಸ್ಸಿಳಿದು ನೋಡಿದೆ. ಭತ್ತದ ಮೇಲೆ ಗೂಟದಿಂದ ಗೂಟಕ್ಕೆ ಟೇಪು ಹೊಳೆಯುತ್ತಿತ್ತು. ಗದ್ದೆಯ ಯಜಮಾನ "ಎಂತ ನೋಡ್ತಿದ್ದೀರಿ ಮಾರಾಯ್ರೇ, ಬೇಕಾದ್ರೆ ಒಂದು ಗಜ ಹರ್ಕಂಡು ಹೋಗಿ" ಅಂದ. ಬಿಸಿಲಿಗೆ, ಇಬ್ಬನಿಗೆ ಅದರ ಮೇಲೆ ದನಿ ಹಿಡಿದಿಡುವ ಕಂದು ಬಣ್ಣವೆಲ್ಲ ಉದುರಿತ್ತು. ಆದರೂ ಒಂದು ತುಂಡು ತಂದು ಖಾಲಿ ಕ್ಯಾಸೆಟ್ಟಿಗೆ ಸುತ್ತಿ ಕೇಳಿದೆ. ಬರೀ ಸರಸರ.

ದಿವ್ಯಾಗೆ ಎಣಿಕೆಯನ್ನು ನೀನೇ ಬೇರೆ ಥರ ಕಲಿಸು. ನನ್ನ ದನಿಯನ್ನು ಆ ಮಗುವಿನ ಬಾಯಿಯಿಂದ ತೆಗೆಯಬೇಕು. ಅದನ್ನು ಹೇಗೆ ಮಾಡುವುದು ಅಂತ ನನಗೆ ಗೊತ್ತಿಲ್ಲ.

ಕ್ಷಮಿಸು ಅಂತ ಕೇಳುವುದಿಲ್ಲ. ಬೈಯಬೇಕು ಅನ್ನಿಸಿದರೆ ನಂಬರ್ ಈ ಕಾಗದದ ಹಿಂದೆ ಇದೆ.

ಗಣಪಯ್ಯ


ಕೆರೆಕಟ್ಟೆ
19 ಜನವರಿ 2025

ಗಣಪಯ್ಯನವರೇ,

ನಿಮ್ಮ ಕಾಗದ ಮೋಹಿತ್ ಕೊಟ್ಟಾಗ ಅಂಗನವಾಡಿಯಲ್ಲಿ ಮಕ್ಕಳಿಗೆ ಬಡಿಸುತ್ತಿದ್ದೆ. ಎರಡನ್ನೂ ಅಲ್ಲೇ ನಿಂತು ಓದಿದೆ. ಸೌಟು ಕೈಯಲ್ಲೇ ಇತ್ತು. ಮಕ್ಕಳು ತಟ್ಟೆ ಹಿಡಿದುಕೊಂಡು ಟೀಚರ್, ಟೀಚರ್ ಅಂತ ಕೂಗುತ್ತಿದ್ದವು.

ಅವತ್ತು ಸಂಜೆ ಗುಡ್ಡ ಹತ್ತಿದೆ. ನಿಮ್ಮ ನಂಬರಿಗೆ ಮಾಡಿದೆ. ನೀವು "ಹಲೋ" ಅಂದಿರಿ. ನೀವು ಇನ್ನೊಂದು ಸಲ "ಹಲೋ" ಅಂದಿರಿ. ಬೈಯಬೇಕು ಅಂತಲೇ ಹತ್ತಿದವಳು. ನಿಮ್ಮ ದನಿ ಕೇಳಿದ ಕೂಡಲೇ ನನ್ನ ಬಾಯಿಗೆ ಬಂದದ್ದು ಅಪ್ಪ ಅನ್ನುವ ಮಾತು. ಅದಕ್ಕೆ ಫೋನ್ ಇಟ್ಟೆ.

ಎರಡು ತಿಂಗಳು ಮೆಷಿನ್ ಮುಟ್ಟಲಿಲ್ಲ. ನಿಮ್ಮ ಮೇಲಿನ ಸಿಟ್ಟು ಬೇಗ ಇಳಿಯಿತು. ನಾಚಿಕೆ ಇಳಿಯಲಿಲ್ಲ, ನನ್ನ ಬಗ್ಗೆ. ಯಾರದ್ದೋ ದನಿ ಕೇಳಿ ಅಪ್ಪ ನಕ್ಕಿದ್ದಾರೆ ಅಂದೆ, ಭರವಸೆಯ ದನಿ ಅಂದೆ. ಕೇರಿಯವರನ್ನೆಲ್ಲ ಕರೆದು ಕೂರಿಸಿದೆ. ಹೆತ್ತ ಅಪ್ಪನ ದನಿಗೂ ಊರಾಚೆಯವರ ದನಿಗೂ ವ್ಯತ್ಯಾಸ ಗೊತ್ತಾಗದವಳು ನಾನು. ದೊಡ್ಡಮ್ಮನಿಗೆ ಇನ್ನೂ ಹೇಳಿಲ್ಲ, ಹೇಳುವುದೂ ಇಲ್ಲ.

ಮೊನ್ನೆ ಸಂಕ್ರಾಂತಿಗೆ ಪ್ರಕಾಶಣ್ಣ ಎಸ್ಟೇಟಿನಿಂದ ಬಂದಿದ್ದ. ಅವನಿಗೆ ನಿಮ್ಮ ಕಾಗದ ಓದಿ ಹೇಳಿದೆ. ಅವನು ಬೀಡಿ ಆರಿಸಿ, "ನಂಗೆ ಕೇಳಿದ ಮೊದಲನೇ ದಿನವೇ ಗೊತ್ತಿತ್ತು ಮಾರಾಯ್ತಿ" ಅಂದ. "ಅಪ್ಪಂದು ಸಣ್ಣ ದನಿ, ಹೆಂಗಸರ ಹಂಗೆ. ಕೆಲಸದ ಕಡೆ ಎಲ್ಲರೂ ಅದನ್ನೇ ಆಡಿಕೊಂಡು ನಗ್ತಿದ್ರು."

"ಮತ್ತೆ ನಂಗೆ ಯಾಕೆ ಹೇಳಲಿಲ್ಲ?" ಅಂತ ಅವನ ಹೆಗಲು ಹಿಡಿದು ಅಲ್ಲಾಡಿಸಿದೆ.

"ಹೆಂಗೆ ಹೇಳ್ಲಿ? ನೀನು ಅಷ್ಟು ಖುಷಿಯಲ್ಲಿ ಇದ್ದಿದ್ದು ನಾನು ನೋಡೇ ಇರಲಿಲ್ಲ. ಬೈದರೆ ಬೈಲಿ ಅಂತ ಸುಮ್ನಾದೆ."

ಆ ಜಾಗದಲ್ಲಿ ಅಪ್ಪ ಏನು ಹೇಳಿದ್ದರು ಅಂತ ಕೇಳಿದೆ. ಅಪ್ಪ ಹೋದ ಮೇಲೆ ಅಮ್ಮ ಕೆಲಸಕ್ಕೆ ಹೋದಾಗ ನನ್ನನ್ನು ಮಲಗಿಸಲು ಅವನು ದಿನಾ ಆ ಕ್ಯಾಸೆಟ್ ಹಾಕುತ್ತಿದ್ದನಂತೆ, ಅವನಿಗೆ ಪೂರ್ತಿ ಬಾಯಿಪಾಠ. ಅಪ್ಪನ ಹಾಗೆ ಸಣ್ಣ ದನಿ ಮಾಡಲು ನೋಡಿದ, ಆಗಲಿಲ್ಲ. ತನ್ನ ದನಿಯಲ್ಲೇ ಹೇಳಿದ.

"ಸಾಕು ನಿಲ್ಸು ಚಿಕ್ಕಕ್ಕ, ಕೂಸು ಎದ್ಕಂತು. ಬಾ ಕೂಸೇ, ಬಾ. ನೀನೂ ಒಂದು ಹಾಡ್ತೀಯಾ?"

ಇಷ್ಟೇ. ಇದಾದ ಮೇಲೆ ನಾನು "ಊಂ" ಅಂದದ್ದು ಕೇಳಿಸುತ್ತಿತ್ತಂತೆ.

ನೀವು ಎಲ್ಲವನ್ನೂ ಬರೆದಿರಿ, ಆದರೆ ಅಲ್ಲಿ ಏನಿತ್ತು ಅಂತ ನಿಮಗೆ ಗೊತ್ತಿರಲಿಲ್ಲ. ನಿಮಗೂ ಗೊತ್ತಿರಬೇಕು ಅನ್ನಿಸಿ ಬರೆದೆ. ಅಪ್ಪ ನನ್ನನ್ನು ಕರೆದಿದ್ದರು, ನಾನು ಓಗೊಟ್ಟಿದ್ದೆ. ಕ್ಷಮಿಸಿದೆ ಅಂತ ಬರೆಯಲು ನಾಲ್ಕು ಸಲ ಕೂತೆ, ಆಗಲಿಲ್ಲ. ಇದಕ್ಕೆ ಉತ್ತರ ಬರೆಯಬೇಡಿ.

ಚೇತನಾ